ಮಣಿಕರ್ಣಿಕಾ, ಮನು, ಲಕ್ಷ್ಮೀಬಾಯಿ: ಹೆಣ್ಣುಮಗುವಿನ ಹೆಸರಿನ ರೂಪಭೇದಗಳನ್ನು ಕುರಿತು

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ವಾರಾಣಸಿಯ ಅಸ್ಸೀಘಾಟಿಗೆ ಸಮೀಪವಾದ ಭದೈನಿ ಎಂಬ ಮೊಹಲ್ಲೆಯಲ್ಲಿ ಒಂದು ದಾಕ್ಷಿಣಾತ್ಯ ಕುಟುಂಬವು ನೆಲೆಸಿದ್ದಿತು. ಮನೆಯ ಯಜಮಾನನು ಮೋರೋಪಂತ ತಾಂಬೆ, ಗೃಹಿಣಿ ಭಾಗೀರಥೀಬಾಯಿ. ಪೇಶ್ವೆ ಎರಡನೆಯ ಬಾಜೀರಾಯನು 1818ರಲ್ಲಿ ರಾಜ್ಯವನ್ನು ಕಳೆದುಕೊಂಡ ಮೇಲೆ ಅವನ ತಮ್ಮನಾದ ಚಿಮಾಜಿ ಅಪ್ಪನು ಕಾಶಿಯಲ್ಲಿ ವಾಸವಾಗಿದ್ದನು. ಮೋರೋಪಂತನು ಅವನ ಆಶ್ರಯದಲ್ಲಿದ್ದವನು. ಈ ದಂಪತಿಗಳಿಗೆ ಹುಟ್ಟಿದ ಹೆಣ್ಣುಮಗುವಿಗೆ ಮಣಿಕರ್ಣಿಕಾ ಎಂದು ನಾಮಕರಣವಾಯಿತು. ಜನ್ಮವರ್ಷವನ್ನು 1828 ಎಂದು ಹೇಳುವುದು ವಾಡಿಕೆ. 1835 ಎನ್ನುವವರೂ ಉಂಟು. ಝಾನ್ಸಿಯ ರಾಣಿ ಲಕ್ಷ್ಮೀಬಾಯಿ ಎಂದು ಲೋಕವೆಲ್ಲವೂ ಬಲ್ಲುದು ಈ ಮಗುವನ್ನೇ. ಆಕೆಯ ಶೌರ್ಯದ ಕಥೆ ಸರ್ವವಿದಿತವಾದುದರಿಂದ ಅದನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ. ಪ್ರಕೃತ ವಿಚಾರವು ಆಕೆಯ ಹೆಸರಿನದು. ಪರಭಾಷಾ ಪ್ರದೇಶದಲ್ಲಿ ಮನೆಮಾಡಿದ ಕುಟುಂಬವೊಂದು ಮಗಳಿಗೆ ಹೆಸರಿಡುವಾಗ ಎದುರಾಗುವ ಪ್ರಶ್ನೆಗಳೆಲ್ಲವೂ ಈ ಒಂದು ಹೆಸರಿನ ಚರಿತ್ರೆಯಲ್ಲಿ ಅಡಕವಾಗಿವೆ.

ಮಣಿಕರ್ಣಿಕಾ ಎಂದರೆ ರತ್ನದ ಕಿವಿಯೋಲೆ. ಶಿವನ ಕರ್ಣಾಭರಣವು ಬಿದ್ದ ಸ್ಥಳವೇ ಮಣಿಕರ್ಣಿಕಾ ಘಾಟು ಎಂಬುದು ಕಾಶೀಖಂಡದ ಐತಿಹ್ಯ. ಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಈ ಹೆಸರು ನಿರ್ದುಷ್ಟವಾದುದು. ಗಂಡುಮಗುವಿನ ಹೆಸರಿನಲ್ಲಿ ಸಮಸಂಖ್ಯೆಯ ಅಕ್ಷರಗಳೂ ಹೆಣ್ಣುಮಗುವಿನ ಹೆಸರಿನಲ್ಲಿ ವಿಷಮಸಂಖ್ಯೆಯ ಅಕ್ಷರಗಳೂ ಇರಬೇಕೆಂದು, ಹೆಣ್ಣಿನ ಹೆಸರು ಆಕಾರಾಂತವಾಗಿರಬೇಕೆಂದು ಪಾರಸ್ಕರ ಗೃಹ್ಯಸೂತ್ರವು ವಿಧಿಸುತ್ತದೆ. ಹೆಂಗಸರ ಹೆಸರು ಉಚ್ಚಾರಕ್ಕೆ ಸುಲಭವಾಗಿ, ಅರ್ಥಸ್ಪಷ್ಟವಾಗಿ, ಮಂಗಳಕರವಾಗಿ, ದೀರ್ಘಸ್ವರದಲ್ಲಿ ಮುಗಿಯಬೇಕೆಂದು ಮನುಸ್ಮೃತಿಯ ಅಭಿಪ್ರಾಯ. ಮಣಿಕರ್ಣಿಕಾ ಎಂಬುದರಲ್ಲಿ ಅಕ್ಷರಗಳು ಐದು, ಕೊನೆಯದು ಆಕಾರ. ಹೆಸರಿಟ್ಟವರು ಶಾಸ್ತ್ರವನ್ನೂ ಊರನ್ನೂ ಒಟ್ಟಿಗೆ ಗೌರವಿಸಿದರೆಂದು ಹೇಳಬಹುದು.

ಆದರೆ ಐದಕ್ಷರದ ಹೆಸರನ್ನು ಹಿಡಿದು ಮಗುವನ್ನು ಊಟಕ್ಕೆ ಕರೆಯುವವರು ಯಾರು? ಮನೆಯಲ್ಲಿ ಆಕೆ ಮನು ಆದಳು. ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ಮೂಲದ ಮಣಿಯಲ್ಲಿದ್ದ ಣಕಾರವು ಮುದ್ದಿನ ಹೆಸರಿನಲ್ಲಿ ನಕಾರವಾಯಿತು. ಮಾತ್ರವಲ್ಲ, ರತ್ನವೆಂಬ ಅರ್ಥವು ಮರೆಯಾಗಿ, ಸ್ಮೃತಿಕಾರನ ಹೆಸರಿಗೂ ಈ ಹುಡುಗಿಯ ಹೆಸರಿಗೂ ಬರಹದಲ್ಲಿ ಭೇದವೇ ಉಳಿಯಲಿಲ್ಲ. ತಾಯಿ ಬೇಗನೆ ತೀರಿಕೊಂಡಳು. ಮುಂದೆ ಬಿಠೂರಿನಲ್ಲಿ ಪೇಶ್ವೆಯ ಪರಿವಾರದಲ್ಲಿ ಬೆಳೆದಾಗ ಛಬೀಲೀ ಎಂಬ ಮತ್ತೊಂದು ಹೆಸರು ಬಂದಿತು; ನಮ್ಮ ಮನೆಗಳಲ್ಲಿ ಚೆಲುವಿ ಎಂದು ಕರೆಯುವಂತೆ. 1842ರಲ್ಲಿ ಝಾನ್ಸಿಯ ಗಂಗಾಧರರಾಯನೊಡನೆ ವಿವಾಹವಾದಾಗ ತೊಟ್ಟಿಲ ಹೆಸರು ಹೋಗಿ ಲಕ್ಷ್ಮೀಬಾಯಿ ಎಂಬುದು ಸ್ಥಿರವಾಯಿತು. ಮದುವೆಯಲ್ಲಿ ವಧುವಿನ ಹೆಸರನ್ನು ಬದಲಿಸುವ ಈ ಪದ್ಧತಿ ಮಹಾರಾಷ್ಟ್ರದಲ್ಲಿಯಂತೆ ಧಾರವಾಡ, ಬೆಳಗಾವಿಗಳ ಕಡೆಯ ಅನೇಕ ಮನೆತನಗಳಲ್ಲಿಯೂ ಬಹುಕಾಲ ನಡೆದುಬಂದುದೇ. ಹೊಸ ಹೆಸರನ್ನು ತಟ್ಟೆಯ ಅಕ್ಕಿಯಲ್ಲಿ ಬರೆದು ತೋರಿಸುತ್ತಿದ್ದರು. ಅಕ್ಕಿಯ ಮೇಲಿನ ಬರಹವು ಅಳಿಸಿಹೋಗುತ್ತಿದ್ದಿತು. ಹಳೆಯ ಹೆಸರು ಅದಕ್ಕಿಂತಲೂ ಮೊದಲೇ ಅಳಿಸಿಹೋಗುತ್ತಿದ್ದಿತು.

ಹೆಸರು ಕೇವಲ ಕರೆಯುವ ಸಾಧನವಲ್ಲ, ಹಕ್ಕಿನ ಸಾಧನವೂ ಹೌದೆಂಬುದಕ್ಕೆ ಇದೇ ಮನೆತನದಲ್ಲಿ ಇನ್ನೊಂದು ನಿದರ್ಶನವಿದೆ. ರಾಣಿಗೆ 1851ರಲ್ಲಿ ಹುಟ್ಟಿದ ಮಗ ದಾಮೋದರರಾಯನು ನಾಲ್ಕು ತಿಂಗಳಿಗೇ ತೀರಿಕೊಂಡನು. 1853ರ ನವೆಂಬರಿನಲ್ಲಿ, ಗಂಗಾಧರರಾಯನು ಮರಣಹೊಂದುವ ಹಿಂದಿನ ದಿನ, ಬಂಧುವರ್ಗದ ಆನಂದರಾಯನೆಂಬ ಬಾಲಕನನ್ನು ದತ್ತು ತೆಗೆದುಕೊಂಡು ಅವನಿಗೂ ದಾಮೋದರರಾಯನೆಂದೇ ಹೆಸರಿಟ್ಟರು. ಮೃತಪುತ್ರನ ಸ್ಥಾನವು ಹೆಸರಿನ ಮೂಲಕವೇ ಇವನಿಗೆ ಸಲ್ಲಬೇಕೆಂಬುದು ಕುಟುಂಬದ ಭಾವನೆ. ಕಂಪನಿ ಸರಕಾರವು ಆ ದತ್ತಕವನ್ನು ರಾಜ್ಯದ ಮಟ್ಟಿಗೆ ಒಪ್ಪದೆ 1854ರಲ್ಲಿ ಝಾನ್ಸಿಯನ್ನು ವಶಪಡಿಸಿಕೊಂಡಿತು. 1858ರ ಜೂನ್ ತಿಂಗಳಲ್ಲಿ ಗ್ವಾಲಿಯರಿನ ಬಳಿ ರಾಣಿ ಮಡಿದಳು. ಇತಿಹಾಸದಲ್ಲಿ ಉಳಿದುದು ಅಕ್ಕಿಯ ಮೇಲೆ ಬರೆದ ಹೆಸರು. ತೊಟ್ಟಿಲ ಹೆಸರು ಘಾಟಿನದಾಗಿಯೇ ಉಳಿಯಿತು.

ಕಾಶಿಯ ಚರಿತ್ರೆಯಲ್ಲಿ ಹೆಸರಿನ ರೂಪಭೇದಕ್ಕೆ ಉದಾಹರಣೆಗಳು ವಿರಳವಲ್ಲ. ವಿಶ್ವನಾಥ ದೇವಾಲಯವನ್ನು 1780ರಲ್ಲಿ ಪುನಃ ಕಟ್ಟಿಸಿದ ಹೋಳ್ಕರ ರಾಣಿಯ ಹೆಸರು ಸಂಸ್ಕೃತದಂತೆ ಅಹಲ್ಯಾ ಎಂದಾಗಬೇಕು, ರೂಢಿಯಲ್ಲಿ ಅಹಿಲ್ಯಾಬಾಯಿ. ಅಹಮದನಗರಕ್ಕೆ 2024ರಲ್ಲಿ ಆಕೆಯ ಹೆಸರನ್ನಿಟ್ಟಾಗ ಅಹಿಲ್ಯಾನಗರ ಎಂದು ರೂಢಿಯ ರೂಪವನ್ನೇ ಸ್ವೀಕರಿಸಿದರು. ಕನ್ನಡಿಗರಿಗೆ ಚಿರಪರಿಚಿತವಾದ ಜಂಗಮವಾಡಿ ಮಠವು ಮೊಗಲ್ ಬಾದಶಹರ ಫರ್ಮಾನುಗಳನ್ನು ಉಳ್ಳ ಪ್ರಾಚೀನ ಸಂಸ್ಥೆ. ಕಾಶಿಯ ಬೀದಿಯಲ್ಲಿ ಅದು ಜಂಗಮಬಾಡಿ. ನಗರದ ಹೆಸರೇ ಬನಾರಸ್ ಎಂದಿದ್ದುದು 1956ರ ಮೇ 24ರಂದು ಅಧಿಕೃತವಾಗಿ ವಾರಾಣಸಿಯಾಯಿತು. 1916ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯವು ಮಾತ್ರ ಬನಾರಸ್ ಎಂಬ ಹೆಸರನ್ನು ಬಿಡಲಿಲ್ಲ. ಸ್ಥಳವೊಂದಕ್ಕೆ ಎರಡು ಮೂರು ಹೆಸರುಗಳಿದ್ದರೆ ಯಾರಿಗೂ ತೊಂದರೆಯಿಲ್ಲ. ಮನುಷ್ಯರ ವಿಷಯ ಹಾಗಲ್ಲ.

ಕನ್ನಡದಲ್ಲಿಯಾದರೋ ಹೆಣ್ಣಿನ ಹೆಸರು ಮೊದಲಿನಿಂದಲೂ ಹಲವು ಪಾತಳಿಗಳಲ್ಲಿ ಬಾಳಿದೆ. ಸಂಸ್ಕೃತದ ಆಕಾರಾಂತ ಶಬ್ದವು ಕನ್ನಡಕ್ಕೆ ಬರುವಾಗ ಎಕಾರವನ್ನು ತಾಳುವುದೂ ಈಕಾರಾಂತವು ಹ್ರಸ್ವವಾಗುವುದೂ ಹದಿಮೂರನೆಯ ಶತಮಾನದ ಕೇಶಿರಾಜನೇ ನಿರೂಪಿಸಿದ ಭಾಷಾಧರ್ಮ. ಗಂಗಾ ಎಂಬುದು ಸಂಕಲ್ಪದಲ್ಲಿ; ಗಂಗೆ ಎಂಬುದು ಕಾವ್ಯದಲ್ಲಿ; ಗಂಗಮ್ಮ, ಗಂಗವ್ವ, ಗಂಗಿ ಎಂಬುವು ಮನೆಯಲ್ಲಿ. ಹೊಯ್ಸಳ ದಂಡನಾಯಕ ಗಂಗರಾಜನ ಪತ್ನಿ ಲಕ್ಷ್ಮಿಯನ್ನು ಶ್ರವಣಬೆಳಗೊಳದ ಶಾಸನಗಳು ಲಕ್ಕಲೆ ಎಂದೂ ಕರೆಯುತ್ತವೆ. ಆಡುಮಾತಿನ ತದ್ಭವ ರೂಪವನ್ನು ಕಲ್ಲಿನ ಮೇಲೆ ಕೆತ್ತಿಸಲು ಆ ಕಾಲದವರು ಸಂಕೋಚಪಡಲಿಲ್ಲವೆಂಬುದು ಗಮನಾರ್ಹ. ನಮ್ಮ ಕಾಲದಲ್ಲಿ ಲಚ್ಚಿ, ಲಕ್ಕವ್ವ ಎಂಬುವು ಹಟ್ಟಿಯ ಹೆಸರುಗಳೆಂದೂ ಲಕ್ಷ್ಮೀ ಎಂಬುದೊಂದೇ ಶಿಷ್ಟವೆಂದೂ ಭಾವಿಸುವುದು ಇತ್ತೀಚಿನ ಅಭಿಮಾನವೇ ಹೊರತು ಹಳಗನ್ನಡದ ಮರ್ಯಾದೆಯಲ್ಲ.

ಬಹುನಾಮಗಳನ್ನು ಶಾಸ್ತ್ರವೂ ನಿಷೇಧಿಸಿಲ್ಲ. ದೇವತಾನಾಮ, ಮಾಸನಾಮ, ನಕ್ಷತ್ರನಾಮ, ವ್ಯಾವಹಾರಿಕ ನಾಮ ಎಂದು ನಾಲ್ಕು ಬಗೆಗಳನ್ನು ನಿಬಂಧಕಾರರು ಹೇಳುತ್ತಾರೆ. ದಕ್ಷಿಣದಿಂದ ಬಂದು ಕಾಶಿಯಲ್ಲಿ ನೆಲೆಸಿದ ಭಟ್ಟವಂಶದ ಕಮಲಾಕರನು 1612ರಲ್ಲಿ ಇದೇ ನಗರದಲ್ಲಿ ನಿರ್ಣಯಸಿಂಧುವನ್ನು ರಚಿಸಿ ಇಂತಹ ಸಂಸ್ಕಾರಗಳ ನಿಯಮಗಳನ್ನು ಕ್ರಮಪಡಿಸಿದನು. ಮೊದಲ ಮೂರು ಹೆಸರುಗಳು ದೇವರಿಗೂ ಜೋಯಿಸರಿಗೂ ಸಂಬಂಧಿಸಿದವು. ತಕರಾರು ಬರುವುದು ನಾಲ್ಕನೆಯದರಲ್ಲಿ, ಏಕೆಂದರೆ ವ್ಯವಹಾರಕ್ಕೆ ಇಂದು ಲಿಖಿತವೇ ಪ್ರಮಾಣ.

ಹಿಂದೀ ಪ್ರದೇಶದಲ್ಲಿ ಕನ್ನಡದ ಹೆಸರು ಬರಹಕ್ಕೆ ಇಳಿಯುವಾಗ ಮೂರು ಬಗೆಯ ವಿಕಾರಗಳು ಸಂಭವಿಸುತ್ತವೆ. ಮೊದಲನೆಯದು ಅಂತ್ಯಸ್ವರದ ಲೋಪ. ಕನ್ನಡಿಗರು ಕಮಲ, ವಿಮಲ, ನಿರ್ಮಲ ಎಂದು ಹ್ರಸ್ವಾಂತವಾಗಿ ಬರೆಯುವ ಹೆಣ್ಣುಹೆಸರನ್ನು ಅದೇ ರೀತಿ ನಾಗರಿಯಲ್ಲಿ ಬರೆದರೆ ಹಿಂದೀ ಓದುಗನು ಕಮಲ್, ವಿಮಲ್, ನಿರ್ಮಲ್ ಎಂದು ಓದುತ್ತಾನೆ. ಇವು ಅಲ್ಲಿ ಗಂಡಸರ ಹೆಸರುಗಳು. ಒಂದು ದೀರ್ಘವನ್ನು ಬಿಟ್ಟುದರಿಂದ ದಾಖಲೆಯಲ್ಲಿ ಹುಡುಗಿ ಹುಡುಗನಾಗುತ್ತಾಳೆ. ಎರಡನೆಯದು ಹ್ರಸ್ವ ಎಕಾರ, ಒಕಾರಗಳದೂ ಳಕಾರದ್ದೂ. ಮಂಗಳೆಯು ಮಂಗಲಾ ಆದರೆ, ಸರಳೆಯು ಸರಲಾ ಆದರೆ ಅಷ್ಟೇನೂ ನಷ್ಟವಿಲ್ಲ. ಅದು ಸಂಸ್ಕೃತ ಮೂಲಕ್ಕೆ ಹಿಂದಿರುಗಿದಂತೆಯೇ. ಅಚ್ಚಗನ್ನಡದ ಹೆಸರಿಗೆ ಹೀಗೆ ಆಶ್ರಯವಾಗಿ ನಿಲ್ಲುವ ಮೂಲವಿಲ್ಲ. ಹದಿಬದೆಯ ಧರ್ಮವನ್ನು ಬರೆದ ಸಂಚಿಯ ಹೊನ್ನಮ್ಮನ ಹೆಸರು ಹೋನ್ನಮ್ಮ ಆಗುತ್ತದೆ. ಬೆಳ್ಳಿಯು ಬೇಲ್ಲೀ ಆಗುತ್ತದೆ. ಈ ಧ್ವನಿಗಳಿಗೆ ಬೇಕಾದ ಚಿಹ್ನೆಗಳನ್ನು 1966ರ ಪರಿವರ್ಧಿತ ದೇವನಾಗರಿಯಲ್ಲಿ ಕೇಂದ್ರೀಯ ಹಿಂದೀ ನಿರ್ದೇಶನಾಲಯವು ಒದಗಿಸಿತು. ಆದರೆ ಅವು ಗುಮಾಸ್ತನ ಲೇಖನಿಗೆ ಇಳಿಯಲಿಲ್ಲ. ಮೂರನೆಯದು ರೋಮನ್ ಲಿಪಿಯದು. ದಕ್ಷಿಣದವರು ತಕಾರವನ್ನು ಟಿ, ಎಚ್ ಎಂಬ ಎರಡು ಅಕ್ಷರಗಳಿಂದ ಬರೆಯುತ್ತಾರೆ. ಉತ್ತರದವರಿಗೆ ಆ ಜೋಡಿ ಥಕಾರ. ಆದುದರಿಂದ ಇಂಗ್ಲಿಷಿನಿಂದ ನಾಗರಿಗೆ ಇಳಿಸುವಾಗ ಲತೆಯು ಲಥಾ ಆಗುತ್ತಾಳೆ, ಗೀತೆಯು ಗೀಥಾ ಆಗುತ್ತಾಳೆ. ಲಕ್ಷ್ಮೀ ಎಂಬುದನ್ನು ಕೆ, ಎಸ್, ಎಚ್ ಸೇರಿಸಿ ಬರೆಯುವವರೂ ಎಕ್ಸ್ ಅಕ್ಷರವೊಂದರಿಂದಲೇ ಬರೆಯುವವರೂ ಒಂದೇ ಮನೆಯಲ್ಲಿರುವುದುಂಟು.

ಹಿಂದೆ ಇವು ಕೇವಲ ಉಚ್ಚಾರದ ಪ್ರಶ್ನೆಗಳಾಗಿದ್ದುವು. ಈಗ ಹಾಗಿಲ್ಲ. ಜನನ ಮರಣ ನೋಂದಣಿ ಅಧಿನಿಯಮವು 1969ರಲ್ಲಿ ಬಂದಿತು. ಹೆಸರಿಲ್ಲದೆಯೇ ಜನನವನ್ನು ದಾಖಲು ಮಾಡಿಸಿ, ಅನಂತರ ಗೊತ್ತಾದ ಅವಧಿಯೊಳಗೆ ಹೆಸರನ್ನು ಸೇರಿಸಲು ಅದರ 14ನೆಯ ಪ್ರಕರಣವೂ ತಪ್ಪು ತಿದ್ದಿಸಲು 15ನೆಯ ಪ್ರಕರಣವೂ ಅವಕಾಶ ಕೊಡುತ್ತವೆ. 2023ರ ತಿದ್ದುಪಡಿಯು ಅದೇ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೇಲೆ, ಆ ದಿನದಿಂದ ಈಚೆಗೆ ಹುಟ್ಟಿದವರಿಗೆ ಶಾಲಾಪ್ರವೇಶ, ಮತದಾರರ ಪಟ್ಟಿ, ಸರಕಾರಿ ನೌಕರಿ ಮೊದಲಾದುವಕ್ಕೆ ಜನ್ಮದಿನ, ಜನ್ಮಸ್ಥಳಗಳ ಪ್ರಮಾಣವಾಗಿ ಜನನ ಪತ್ರವೇ ಆಧಾರವಾಗಿದೆ. ಶಾಲೆಯಲ್ಲಿ ಒಂದು, ಬ್ಯಾಂಕಿನ ಖಾತೆಯಲ್ಲಿ ಒಂದು, ಜನನ ಪತ್ರದಲ್ಲಿ ಮತ್ತೊಂದು ರೂಪವಿದ್ದರೆ, ತಂದೆ ಬಿಟ್ಟುಹೋದ ಠೇವಣಿಯನ್ನು ಪಡೆಯಲು ಮಗಳು ಇವೆಲ್ಲವೂ ತಾನೊಬ್ಬಳೇ ಎಂದು ಪ್ರಮಾಣಪತ್ರ ಬರೆದುಕೊಡಬೇಕಾಗುತ್ತದೆ. ಆನಂದರಾಯನು ದಾಮೋದರರಾಯನಾದುದು ಸಮಾರಂಭಪೂರ್ವಕವಾಗಿ, ಉದ್ದೇಶಪೂರ್ವಕವಾಗಿ. ಇಲ್ಲಿ ಹೆಸರು ಬದಲಾಗುವುದು ಯಾರ ಉದ್ದೇಶವೂ ಇಲ್ಲದೆ.

ಮೇಲಿನ ಚರಿತ್ರೆಯಿಂದ ಕೆಲವು ನಿರ್ಣಯಗಳನ್ನು ತೆಗೆಯಬಹುದು. ಮಗುವಿನ ಹೆಸರಿನ ಕನ್ನಡ, ನಾಗರಿ, ರೋಮನ್ ರೂಪಗಳು ಮೂರನ್ನೂ ನೋಂದಣಿಗೆ ಮೊದಲೇ ಮನೆಯಲ್ಲಿ ಬರೆದು ನೋಡಿ, ಅವು ಒಂದರಿಂದ ಒಂದಕ್ಕೆ ಕೆಡದೆ ಹೋಗಿಬರುತ್ತವೆಯೇ ಎಂದು ಪರೀಕ್ಷಿಸುವುದು ಯುಕ್ತ. ನಾಗರಿಯಲ್ಲಿ ಅಂತ್ಯದೀರ್ಘವನ್ನು ಬಿಡಬಾರದು. ಅದು ವ್ಯಾಕರಣಕ್ಕೂ ಗೃಹ್ಯಸೂತ್ರಕ್ಕೂ ಸಮ್ಮತ. ರೋಮನ್ ಲಿಪಿಯಲ್ಲಿ ಯಾವ ಕ್ರಮವನ್ನು ಹಿಡಿದರೂ ಅದನ್ನೇ ಕಡೆಯವರೆಗೆ ನಡೆಸಬೇಕು. ಅಚ್ಚಗನ್ನಡದ ಹೆಸರು ಹಿಂದೀ ಲಿಪಿಗೆ ಹೊಂದದೆಂಬ ಕಾರಣಕ್ಕೆ ಅದನ್ನು ತೊರೆಯಬೇಕಾಗಿಲ್ಲ. ಹೋನ್ನಮ್ಮ ಎಂದು ಓದಿದರೂ ಆಕೆ ಹೊನ್ನಮ್ಮನೇ. ಬರಹದ ರೂಪವು ಎಲ್ಲೆಡೆಯೂ ಒಂದೇ ಆಗಿದ್ದರೆ ಸಾಕು.

ಮುದ್ದಿನ ಹೆಸರನ್ನಾದರೋ ದಾಖಲೆಯಿಂದ ದೂರವಿಡುವುದೇ ಅದಕ್ಕೆ ಸಲ್ಲುವ ಗೌರವ. ಪುಟ್ಟಿ, ಚಿನ್ನಿ, ಅಮ್ಮಿ, ವಿಶಾಲು ಎಂಬ ಹೆಸರುಗಳಿಗೆ ಕಾಗುಣಿತದ ಕಟ್ಟಿಲ್ಲ. ಕರೆಯುವವರ ಬಾಯಲ್ಲಿ ಅವು ದಿನಕ್ಕೊಂದು ಬಗೆಯಾಗಬಹುದು. ಪರಊರಿನಲ್ಲಿ ಬೆಳೆಯುವ ಮಗುವಿಗೆ ಶಾಲೆಯೂ ಬೀದಿಯೂ ಹಿಂದಿಯಲ್ಲಿರುವಾಗ, ಕನ್ನಡದ ಹ್ರಸ್ವಸ್ವರವೂ ದ್ವಿತ್ವವೂ ದಿನವೂ ಕಿವಿಗೆ ಬೀಳುವುದು ಅನೇಕ ವೇಳೆ ಈ ಕರೆಯಲ್ಲಿಯೇ. ಮೋರೋಪಂತನ ಮನೆಯಲ್ಲಿ ಮನು ಎಂದು ಕರೆದವರು ಯಾವ ದಾಖಲೆಯನ್ನೂ ಬರೆದಿಡಲಿಲ್ಲ. ಆದರೂ ರಾಣಿಯ ಚರಿತ್ರೆಯನ್ನು ಬರೆದವರು ಯಾರೂ ಆ ಎರಡಕ್ಷರವನ್ನು ಬಿಟ್ಟಿಲ್ಲ.