ಪದವಿಯ ಅವಧಿ: ಕುಂದಾಪುರ ಸೀಮೆಯಿಂದ ಒಂದು ವಿಚಾರ

ಪದವಿಯನ್ನು ನಿಯತ ಕಾಲಕ್ಕಿಂತ ಮೊದಲೇ ಮುಗಿಸುವ ಕ್ರಮವೊಂದನ್ನು ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2024ರ ನವೆಂಬರಿನಲ್ಲಿ ಅಂಗೀಕರಿಸಿತು. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಸೀಮೆಯಲ್ಲಿ ಪದವಿಗೆ ಹಿಂದೆ ಎಷ್ಟು ಕಾಲ ತಗಲುತ್ತಿತ್ತು, ಏಕೆ ತಗಲುತ್ತಿತ್ತು ಎಂಬುದನ್ನು ನೋಡದೆ ಇದರ ಬೆಲೆ ಕಟ್ಟುವುದು ಸಾಧುವಲ್ಲವೆಂದು ನಮ್ಮ ಅಭಿಪ್ರಾಯ.

ಈ ಸೀಮೆಯು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಾಗ ಮೆಟ್ರಿಕ್ಯುಲೇಷನ್ ಆದ ಮೇಲೆ ಎಫ್.ಎ. ತರಗತಿಗೆ ಎರಡು ವರ್ಷ, ಬಿ.ಎ.ಗೆ ಎರಡು ವರ್ಷ, ಮುಂದೆ ಎಫ್.ಎ.ಯ ಸ್ಥಾನಕ್ಕೆ ಇಂಟರ್‌ಮೀಡಿಯೆಟ್ ಬಂದಿತು. ಹಾಜರಾತಿಯ ಪ್ರಮಾಣಪತ್ರವೂ ಬೇಕಾಗಿದ್ದುದರಿಂದ ಬುದ್ಧಿವಂತನಿಗೂ ಮಂದನಿಗೂ ಅವಧಿ ಒಂದೇ. ಸಂತ ಎಲೋಷಿಯಸ್ ಕಾಲೇಜು 1880ರಲ್ಲಿ ಆರಂಭವಾದುದು ಮಂಗಳೂರಿನಲ್ಲಿ. ಹೊಳೆಗಳನ್ನು ದಾಟಿ ಅಲ್ಲಿಗೆ ಹೋದವನು ಅಲ್ಲಿಯೇ ವಾಸಿಸಬೇಕಾಗಿತ್ತು. ಒಂದೊಂದು ವರ್ಷವೂ ಊಟ ವಸತಿಗಳ ವೆಚ್ಚವೇ ಆಗಿತ್ತು. ನಮ್ಮ ಕರಾವಳಿಯ ಪ್ರಸಿದ್ಧರಲ್ಲಿ ಕಾಲೇಜನ್ನು ಬೇಗ ಮುಗಿಸಿದವರಿಗಿಂತ ಬೇಗ ಬಿಟ್ಟವರೇ ನೆನಪಾಗುತ್ತಾರೆ! ಕೋಟದ ಶಿವರಾಮ ಕಾರಂತರು ಅಸಹಕಾರ ಚಳುವಳಿಯ ಕಾಲದಲ್ಲಿ ಓದನ್ನು ತೊರೆದರು. ಮಂಜೇಶ್ವರದ ಗೋವಿಂದ ಪೈಗಳು ತಂದೆಯ ಮರಣದಿಂದ ಬಿ.ಎ.ಯನ್ನು ಪೂರೈಸಲಿಲ್ಲ.

ಈ ವೆಚ್ಚವನ್ನು ತಗ್ಗಿಸಿದುದು ಅವಧಿಯ ಕಡಿತವಲ್ಲ, ಕಾಲೇಜಿನ ಸಾಮೀಪ್ಯ. 1949ರಲ್ಲಿ ಉಡುಪಿಯಲ್ಲಿ ಮಹಾತ್ಮಾ ಗಾಂಧಿ ಮೆಮೋರಿಯಲ್ ಕಾಲೇಜೂ 1963ರಲ್ಲಿ ಕುಂದಾಪುರದಲ್ಲಿ ಭಂಡಾರ್ಕಾರ್ಸ್ ಕಾಲೇಜೂ ಸ್ಥಾಪನೆಗೊಂಡವು. ಮನೆಯಲ್ಲುಂಡು ಪದವಿ ಪಡೆಯುವುದು ಸಾಧ್ಯವಾಯಿತು. ಇತ್ತ ಅವಧಿಯಾದರೋ ಸ್ಥಿರವಾಗಿ ನಿಲ್ಲಲಿಲ್ಲ. 2021ರಲ್ಲಿ ನಾಲ್ಕು ವರ್ಷಗಳ ವ್ಯವಸ್ಥೆಯನ್ನು ತಂದ ಕರ್ನಾಟಕವು 2024–25ರಿಂದ ಮೂರು ವರ್ಷಗಳ ಪದವಿಗೆ ಮರಳಿತು.

ಆಯೋಗದ ಕ್ರಮದಲ್ಲಿ ಮೂರು ವರ್ಷಗಳ ಪದವಿಯನ್ನು ಐದು ಸೆಮಿಸ್ಟರುಗಳಲ್ಲಿ ಮುಗಿಸಬಹುದು. ಆದರೆ ಪಾಠವೇನೂ ಕಡಮೆಯಾಗದು. ಒಟ್ಟು ಕ್ರೆಡಿಟ್ಟುಗಳು ಅಷ್ಟೇ ಇದ್ದು, ಪ್ರತಿ ಸೆಮಿಸ್ಟರಿನ ಹೊರೆ ಹೆಚ್ಚುವುದು. ಪ್ರವೇಶಸಂಖ್ಯೆಯ ಶೇಕಡಾ 10ರಷ್ಟು ಮಂದಿಗೆ ಮಾತ್ರ, ಅದೂ ಮೊದಲ ಅಥವಾ ಎರಡನೆಯ ಸೆಮಿಸ್ಟರಿನ ಅನಂತರ ಸಮಿತಿಯೊಂದರ ಪರಿಶೀಲನೆಯಿಂದ, ಇದು ದೊರೆಯುತ್ತದೆ. ಇಂಗ್ಲೆಂಡಿನ ಬಕಿಂಗ್‌ಹ್ಯಾಮಿನಲ್ಲಿ 1976ರಿಂದ ಎರಡು ವರ್ಷಗಳ ಪದವಿ ಸಾಧ್ಯವಾದುದು ಬೇರೆ ದಾರಿಯಿಂದ: ರಜೆಯನ್ನು ಕಿರಿದುಗೊಳಿಸಿ ವರ್ಷಕ್ಕೆ ನಾಲ್ಕು ಪಾಠಾವಧಿಗಳನ್ನು ನಡೆಸಿದರು. ಅಲ್ಲಿ ವರ್ಷ ತುಂಬುತ್ತದೆ, ಇಲ್ಲಿ ದಿನ ತುಂಬುತ್ತದೆ.

ನಮ್ಮ ಶಂಕೆ ಇರುವುದು ಇಲ್ಲಿಯೇ. ಆರು ತಿಂಗಳ ಸಂಬಳ ಮೊದಲೇ ಕೈಸೇರುವುದು ಯಾವ ಮನೆಗೆ ಅತ್ಯವಶ್ಯವೋ ಆ ಮನೆಯ ವಿದ್ಯಾರ್ಥಿಗೇ ದಿನದಲ್ಲಿ ಬಿಡುವು ಕಡಮೆ. ಶಿರೂರಿನಿಂದಲೋ ಕೊಲ್ಲೂರಿನಿಂದಲೋ ಬಸ್ಸಿನಲ್ಲಿ ಬರುವ ಹುಡುಗಿ ಹೆಚ್ಚಿನ ಪಾಠಕ್ಕಾಗಿ ಸಂಜೆ ನಿಂತರೆ ಮನೆ ಸೇರುವುದು ಕತ್ತಲಾದ ಮೇಲೆ. ಅಲ್ಲದೆ ಐದನೆಯ ಸೆಮಿಸ್ಟರು ಮುಗಿಯುವುದು ಶೈಕ್ಷಣಿಕ ವರ್ಷದ ನಡುವೆ. ಎಂ.ಎ. ಓದಬಯಸುವವನು ಮುಂದಿನ ಪ್ರವೇಶದ ತನಕ ಕಾಯಬೇಕು. ಉಳಿಸಿದ ಕಾಲ ಉದ್ಯೋಗ ದೊರೆತವನಿಗಷ್ಟೇ ಲಾಭ.

ಅದೇ ನಿರ್ಣಯದ ಇನ್ನೊಂದು ಭಾಗವು ಅಷ್ಟಾಗಿ ಚರ್ಚೆಗೆ ಬಂದಂತಿಲ್ಲ. ಹೊರೆಯನ್ನು ತಗ್ಗಿಸಿಕೊಂಡು ಪದವಿಯನ್ನು ಎರಡು ಸೆಮಿಸ್ಟರುಗಳವರೆಗೆ ಲಂಬಿಸುವ ಅವಕಾಶವೂ ಅದರಲ್ಲಿದೆ. ಅದಕ್ಕೆ ಶೇಕಡಾವಾರು ಮಿತಿಯಿಲ್ಲ. ಗಂಗೊಳ್ಳಿಯಲ್ಲಿ ಮೀನುಗಾರಿಕೆಯ ಕಾಲಕ್ಕೆ ದುಡಿಮೆಗಿಳಿಯುವ ಹುಡುಗನು ಕೇಳಬಹುದಾದುದು ಬಹುಶಃ ಇದನ್ನೇ.