ಹಳೆಯ ಹರಿಗೋಲಿನ ಪರೀಕ್ಷೆ

ಹೊಳೆನರಸೀಪುರಕ್ಕೆ ಹೇಮಾವತಿ, ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ಕಾವೇರಿ. ಸೇತುವೆಗಳಿಲ್ಲದ ಕಾಲದಲ್ಲಿ ಇಂಥ ಹೊಳೆಗಳನ್ನು ದಾಟಿಸುತ್ತಿದ್ದುದು ಹರಿಗೋಲು: ಬಿದಿರಿನ ಹೆಣಿಗೆ, ಹೊರಗೆ ಚರ್ಮದ ಹೊದಿಕೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಅಲ್ಲಿನ ಹರಿಗೋಲು 15-20 ಜನರನ್ನು ಹೊರುತ್ತಿತ್ತೆಂದು ಬರೆದಿದ್ದಾನೆ.

ಇಂದು ಯಂತ್ರದ ದೋಣಿಗಳ ತಪಾಸಣೆಗೆ 2021ರ ಒಳನಾಡು ಹಡಗು ಕಾಯ್ದೆಯಿದೆ. ಅಂದಿನ ಅಂಬಿಗನಿಗೆ ತನ್ನ ಕಣ್ಣು, ಕೈಗಳೇ ಪ್ರಮಾಣಪತ್ರ. ಹರಿದ ಹೊದಿಕೆಯನ್ನು ಬದಲಿಸಬಹುದು. ತಳದ ಬಿದಿರು ಕೊಳೆತಿದ್ದರೆ ಹೊಸ ಹೊದಿಕೆ ದೋಷವನ್ನು ಮರೆಮಾಚೀತೇ ಹೊರತು ನೀಗದು. ಆದ್ದರಿಂದ ಹಳೆಯದನ್ನು ಕೊಳ್ಳುವ ಮುನ್ನ ಒಳಗಿನ ಹೆಣಿಗೆಯನ್ನು ಒತ್ತಿ ನೋಡಬೇಕು. ಕೊಂಡ ಮೇಲೂ ಜನರನ್ನು ಹತ್ತಿಸುವ ಮೊದಲು ದಡದ ಬಳಿ ಬರಿದಾಗಿ ತೇಲಿಸಿ, ನೀರು ಒಸರುವ ಜಾಗವನ್ನು ಗುರುತಿಸಬೇಕು. ನಡುಹೊಳೆಯಲ್ಲಿ ಕಂಡ ತೂತಿಗೆ ರಿಪೇರಿಯಿಲ್ಲ.