ಒಮಾನಿನ ವಾರ್ಡುಗಳಲ್ಲಿ ನಮ್ಮ ಕಾಲ

ಒಮಾನಿನ ಆಸ್ಪತ್ರೆಗಳ ಚರಿತ್ರೆ ಬರೆದವರು ಕಟ್ಟಡಗಳ ಲೆಕ್ಕ ಕೊಡುತ್ತಾರೆ. 1974ರಲ್ಲಿ ಖೌಲಾ, 1987ರಲ್ಲಿ ರಾಯಲ್, 1990ರಲ್ಲಿ ಸುಲ್ತಾನ್ ಕಾಬೂಸ್ ವಿಶ್ವವಿದ್ಯಾಲಯದ ಆಸ್ಪತ್ರೆ. ಅಲ್ಲಿ ನೈಟ್ ಡ್ಯೂಟಿ ಮಾಡಿದವರ ಲೆಕ್ಕ ಯಾರೂ ಇಟ್ಟ ಹಾಗಿಲ್ಲ. ಎಂಬತ್ತರ ದಶಕದ ಕೊನೆಗೆ ಉಡುಪಿ ಕಡೆಯ ಶಿರ್ವದಿಂದ ನರ್ಸಾಗಿ ಹೊರಟ ನಾನು ಆ ಗುಂಪಿನವಳು.

ನಮಗಿಂತ ಮುಂಚಿನ ಕತೆ ಅಮೆರಿಕನ್ ಮಿಷನ್ನಿನವರದ್ದು. ವೈದ್ಯ ಶರಾನ್ ಥಾಮ್ಸ್ 1909ರಲ್ಲಿ ಬಂದರು. ಮಸ್ಕತ್–ಮತ್ರಾ ನಡುವೆ ಟೆಲಿಫೋನ್ ತಂತಿ ಎಳೆಯುವಾಗ ಕಂಬದಿಂದ ಬಿದ್ದು 1913ರಲ್ಲಿ ತೀರಿಕೊಂಡರು. ಮಗ ವೆಲ್ಸ್ ಥಾಮ್ಸ್ 1939ರಿಂದ 1970ರವರೆಗೆ ಮತ್ರಾದ ಮಿಷನ್ ಆಸ್ಪತ್ರೆ ನಡೆಸಿದರು. ಆಗ ರಾತ್ರಿಯಾದರೆ ಮಸ್ಕತ್ತಿನ ಕೋಟೆಬಾಗಿಲು ಮುಚ್ಚುತ್ತಿತ್ತು. ಪೇಟೆಯೊಳಗೆ ಓಡಾಡಲು ಕೈಯಲ್ಲಿ ಲಾಟೀನು ಇರಲೇಬೇಕಿತ್ತು. 1970ರ ಜುಲೈಯಲ್ಲಿ ಕಾಬೂಸ್ ಪಟ್ಟಕ್ಕೆ ಬಂದ ಮೇಲೆ ಎಣ್ಣೆಯ ದುಡ್ಡಿನಲ್ಲಿ ಆಸ್ಪತ್ರೆಗಳು ಎದ್ದವು. ಆದರೆ ನರ್ಸನ್ನು ತಯಾರು ಮಾಡಲು ವರ್ಷಗಳು ಬೇಕು. ಅಷ್ಟರವರೆಗೆ ಕೇರಳದಿಂದ, ಮನಿಲಾದಿಂದ, ನಮ್ಮ ಮಂಗಳೂರು–ಉಡುಪಿಯಿಂದ ಹುಡುಗಿಯರನ್ನು ಕರೆಸಿಕೊಂಡರು.

ಮಂಗಳೂರಿನಿಂದ ಹೊರದೇಶಕ್ಕೆ ವಿಮಾನ ಹಾರಿದ್ದು 2006ರಲ್ಲಿ. ನಾವು ಬೊಂಬಾಯಿಗೆ ಬಸ್ಸು ಹತ್ತಿ, ಏಜೆಂಟನ ಕಚೇರಿಯ ಬೆಂಚಿನಲ್ಲಿ ಕಾದು, ಮೆಡಿಕಲ್ ಮುಗಿಸಿ ಹೋದವರು.

ನನ್ನದು ಒಳನಾಡಿನ ಸರ್ಕಾರಿ ಆಸ್ಪತ್ರೆ, ಹೆಂಗಸರ ವಾರ್ಡು. ಮೊದಲ ತೊಡಕು ಹೆಸರುಗಳದ್ದು. ಒಂದೇ ಸಾಲಿನ ಮಂಚಗಳಲ್ಲಿ ಸಾಲಿಮನ ಮಗಳು ಫಾತಿಮಾ ಒಬ್ಬಳಲ್ಲ, ಇಬ್ಬರು. ಕೆಲವೊಮ್ಮೆ ಕುಲದ ಹೆಸರೂ ಒಂದೇ. ಮದ್ದು ಕೊಡುವ ಮುಂಚೆ ಹೆಸರು ಬಿಡು, ಫೈಲ್ ನಂಬರ್ ನೋಡು ಎಂದು ಹೇಳಿಕೊಟ್ಟದ್ದು ನಾವು ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದ ಕೋಟ್ಟಯಂನ ನರ್ಸ್. ಅರಬ್ಬಿ ಕಲಿಸಿದ್ದು ರೋಗಿಗಳೇ: ನೋವು, ನೀರು, ಉಸಿರು ಬಿಡು, ತಿರುಗಿ ಮಲಗು. ಮುದುಕರಲ್ಲಿ ಹಿಂದಿ ಬಲ್ಲವರು ಸಿಗುತ್ತಿದ್ದರು. 1970ರವರೆಗೆ ಆ ದೇಶದಲ್ಲಿ ರೂಪಾಯಿ ನಡೆಯುತ್ತಿತ್ತಲ್ಲ, ಬೊಂಬಾಯಿ ಅವರಿಗೇನೂ ದೂರದ ಊರಲ್ಲ. 1964ರ ಕ್ರಾಂತಿಯ ನಂತರ ಜಾಂಜಿಬಾರಿನಿಂದ ಮರಳಿದ ಮನೆತನದವರು ತಮ್ಮೊಳಗೆ ಸ್ವಾಹಿಲಿ ಆಡುತ್ತಿದ್ದರು; ಅವರ ಇಂಗ್ಲಿಷಿನ ಮುಂದೆ ನನ್ನದು ಸಪ್ಪೆ.

ಬಟ್ಟೆ ಬದಲಿಸುವಾಗ ಮಕ್ಕಳ ಹೊಟ್ಟೆಯ ಮೇಲೆ ಸುಟ್ಟ ಗುರುತುಗಳು ಕಾಣುತ್ತಿದ್ದವು. ಫಿಲಿಪೀನಿನ ಗೆಳತಿ ಗಾಬರಿಬಿದ್ದಳು. ನನಗೆ ಅದು ಹೊಸದಲ್ಲ; ಕಾಮಾಲೆಗೆ ಬರೆ ಹಾಕಿಸಿಕೊಂಡ ಕೂಸುಗಳನ್ನು ಊರಲ್ಲಿ ನೋಡಿದ್ದೆ. ಆ ತಾಯಂದಿರನ್ನು ಬೈಯುವ ಧೈರ್ಯ ಹೊಸ ಡಾಕ್ಟರುಗಳಿಗೆ ಇತ್ತು, ನನಗಿರಲಿಲ್ಲ. ಬಾಣಂತಿಗೆ ನಲವತ್ತು ದಿನದ ಆರೈಕೆ ನಮ್ಮಲ್ಲಿಯ ಹಾಗೆ ಅಲ್ಲೂ ಇತ್ತು. ರಂಜಾನಿನಲ್ಲಿ ಸಕ್ಕರೆ ಕಾಯಿಲೆಯ ಅಜ್ಜಿಯರು ಉಪವಾಸ ಬಿಡುತ್ತಿರಲಿಲ್ಲ. ಡಾಕ್ಟರನ್ನು ಕೇಳಿ ಇಫ್ತಾರಿಗೊಂದು, ಬೆಳಗಿನ ಜಾವದ ಸಹರಿಗೊಂದು ಎಂದು ಮದ್ದಿನ ಹೊತ್ತು ಬದಲಿಸುತ್ತಿದ್ದೆವು. ಯಾವ ನರ್ಸಿಂಗ್ ಪುಸ್ತಕದಲ್ಲೂ ನಾನದನ್ನು ಓದಿರಲಿಲ್ಲ.

ಕಷ್ಟ ಇದ್ದದ್ದು ವಾರ್ಡಿನಲ್ಲಲ್ಲ, ಕಚೇರಿಯಲ್ಲಿ. ನಮ್ಮ ಪಾಸ್‌ಪೋರ್ಟು ಕಚೇರಿಯವರ ಕಪಾಟಿನಲ್ಲಿ. ಕಾಂಟ್ರಾಕ್ಟು ಮುಗಿಯುವ ತಿಂಗಳು ಬಂತೆಂದರೆ ಎಲ್ಲರೂ ಮೆತ್ತಗೆ ಮಾತಾಡುತ್ತಿದ್ದರು. ಮನೆಗೆ ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಊರಿಗೆ ಹೋಗುವವರ ಕೈಯಲ್ಲಿ ಕೊಡುತ್ತಿದ್ದೆವು. ಅದರಲ್ಲಿ ಕಚೇರಿಯ ಸುದ್ದಿ ಇರುತ್ತಿರಲಿಲ್ಲ.

ತೊಂಬತ್ತರ ದಶಕದಲ್ಲಿ ಮಸ್ಕತ್ತಿನಾಚೆಯ ಊರುಗಳಲ್ಲೂ ನರ್ಸಿಂಗ್ ಶಾಲೆಗಳು ತೆರೆದವು. ಒಮಾನಿ ಹುಡುಗಿಯರು ತಲೆಗೆ ಬಟ್ಟೆ ಕಟ್ಟಿ, ನೋಟ್‌ಬುಕ್ ಹಿಡಿದು ನಮ್ಮ ಹಿಂದೆ ನಿಂತರು. ಡ್ರಿಪ್ ಹಾಕುವುದನ್ನು, ಅಳುವ ಮಗುವಿನ ಕೈಯಲ್ಲಿ ನರ ಹುಡುಕುವುದನ್ನು ನಾವೇ ಕಲಿಸಿದೆವು. ಅವರು ಕಲಿತಷ್ಟೂ ನಮ್ಮ ಕೆಲಸ ಹೋಗುತ್ತದೆಂದು ನಮಗೆ ಗೊತ್ತಿತ್ತು. ಹೊರದೇಶದವರ ಜಾಗಕ್ಕೆ ಒಮಾನಿಗಳನ್ನು ತರುವ ಒಮಾನೀಕರಣ ಎಂದರೆ ಅದೇ. ಆದರೂ ಕಲಿಸುವುದರಲ್ಲಿ ಯಾರೂ ಕಳ್ಳತನ ಮಾಡಿದ್ದನ್ನು ನಾನು ಕಾಣೆ. ರೋಗಿಯ ಅವ್ವ ನಿಮ್ಮ ಭಾಷೆಯವಳೇ ಎಂದು ಹೇಳಿ ಆ ಹುಡುಗಿಯರನ್ನೇ ಮುಂದೆ ಬಿಡುತ್ತಿದ್ದೆವು. ಹೆಂಗಸರು ನಮಗೆ ಹೇಳದ ಎಷ್ಟೋ ಸಂಗತಿ ಅವರ ಹತ್ತಿರ ಹೇಳಿಕೊಂಡರು.

2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 191 ದೇಶಗಳ ಆರೋಗ್ಯ ವ್ಯವಸ್ಥೆಗಳನ್ನು ಅಳೆದಾಗ ಒಮಾನ್ 8ನೆಯದು, ಭಾರತ 112ನೆಯದು. ಆ ಪಟ್ಟಿಯ ಲೆಕ್ಕಾಚಾರದ ಬಗ್ಗೆ ಪಂಡಿತರು ಜಗಳವಾಡಿದರು. ನನಗೆ ಕಂಡದ್ದು ಬೇರೆ: 112ನೆಯ ದೇಶದ ಹುಡುಗಿಯರೂ ಸೇರಿ 8ನೆಯದನ್ನು ಎತ್ತಿದ್ದು.

ಈಗ ಹೋಗುವವರಿಗೆ ಪ್ರೊಮೆಟ್ರಿಕ್ ಎಂಬ ಕಂಪ್ಯೂಟರ್ ಪರೀಕ್ಷೆ, ಸರ್ಟಿಫಿಕೇಟುಗಳಿಗೆ ಡೇಟಾಫ್ಲೋ ತಪಾಸಣೆ. ಏಜೆಂಟರ ಸುಲಿಗೆ ತಡೆಯಲು 2015ರಲ್ಲಿ ಭಾರತ ಸರ್ಕಾರ ಒಮಾನ್ ಸೇರಿದ ಹದಿನೆಂಟು ದೇಶಗಳಿಗೆ ನರ್ಸುಗಳನ್ನು ಕಳಿಸುವ ಕೆಲಸವನ್ನು ಸರ್ಕಾರಿ ಸಂಸ್ಥೆಗಳಿಗೇ ವಹಿಸಿತು. ನೆರೆಮನೆಯ ಹುಡುಗಿ ಹೊರಟಿದ್ದಾಳೆ; ಕಾಂಟ್ರಾಕ್ಟಿನ ಸಣ್ಣ ಅಕ್ಷರ ಓದಿ ಹೇಳಿ ಆಂಟಿ ಎಂದು ನಿನ್ನೆ ಬಂದಿದ್ದಳು. ರಜೆಯ ಟಿಕೆಟ್ಟು ಯಾರ ಖರ್ಚು ಎಂಬ ಸಾಲಿಗೆ ಪೆನ್ಸಿಲ್ಲಿನಿಂದ ಗೆರೆ ಎಳೆದು, ಇದನ್ನು ಸಹಿ ಹಾಕುವ ಮೊದಲೇ ಕೇಳು ಎಂದು ಹೇಳಿ ಕಳಿಸಿದೆ.